ಮೈನಿಂಗ್ ಸ್ಟಿಕ್‌ಗಳ ಯುಎಸ್‌ಬಿ ಹಬ್‌ಗೆ ಸಾಕಷ್ಟು ಕರೆಂಟ್ ಒದಗಿಸಿದ ಬಗೆ: ನನ್ನ ಅನುಭವ

ಕಲಬುರಗಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಗೆಕ್ಕೋಸೈನ್ಸ್‌ನ ಆರು ಕಾಂಪ್ಯಾಕ್ ಎಫ್ ಸ್ಟಿಕ್‌ಗಳು, ಅಂದರೆ ಯುಎಸ್‌ಬಿಗೆ ಸಿಕ್ಕಿಸಿ ಬಿಟ್‌ಕಾಯಿನ್ ಮೈನಿಂಗಿನ ಲೆಕ್ಕ ಮಾಡಿಸುವ ಪುಟ್ಟ ಯಂತ್ರಗಳು, ಹತ್ತು ಪೋರ್ಟಿನ ಒಂದೇ ಯುಎಸ್‌ಬಿ ಹಬ್‌ನ ಮೇಲೆ ಹಗಲಿರುಳು ಓಡುತ್ತವೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಅವುಗಳನ್ನು ಸಿಜಿಮೈನರ್ ಎಂಬ ಮೈನಿಂಗ್ ಸಾಫ್ಟ್‌ವೇರ್ ಮೂಲಕ ನಡೆಸುತ್ತದೆ. ಪ್ರತಿ ಸ್ಟಿಕ್‌ನಲ್ಲಿರುವುದು ಆಂಟ್‌ಮೈನರ್ ಎಸ್17 ಎಂಬ ದೊಡ್ಡ ಮೈನಿಂಗ್ ಯಂತ್ರದಲ್ಲಿ ಬಳಸಿದ ಬಿಎಂ1397 ಚಿಪ್. ಅದರಲ್ಲಿ 672 ಕೋರ್‌ಗಳಿರುವುದರಿಂದ 400 ಮೆಗಾಹರ್ಟ್ಸ್‌ನಲ್ಲಿ ಒಂದೊಂದು ಸ್ಟಿಕ್ ಸುಮಾರು 269 ಗಿಗಾಹ್ಯಾಶ್, ಅಂದರೆ ಸೆಕೆಂಡಿಗೆ 26,900 ಕೋಟಿ ಹ್ಯಾಶ್ ಲೆಕ್ಕ, ಕೊಡುತ್ತದೆ, ಆರೂ ಸೇರಿ 1.6 ಟೆರಾಹ್ಯಾಶ್ ಆಗುತ್ತದೆ. ಇದರಿಂದ ಗಳಿಕೆಯಾಗುತ್ತದೆಂದು ಯಾರೂ ತಿಳಿಯಬಾರದು. ಬಿಟ್‌ಕಾಯಿನ್ ಜಾಲದ ಒಟ್ಟು ವೇಗವನ್ನು 800 ಎಕ್ಸಾಹ್ಯಾಶ್ (ಒಂದು ಎಕ್ಸಾ ಎಂದರೆ ಹತ್ತು ಲಕ್ಷ ಟೆರಾ) ಎಂದು ಹಿಡಿದರೂ ನನ್ನ ಪಾಲಿಗೆ ಒಂದು ಬ್ಲಾಕ್, ಅಂದರೆ ಅದರ ಬಿಟ್‌ಕಾಯಿನ್ ಬಹುಮಾನ, ಸಿಗಲು ಲೆಕ್ಕದ ಪ್ರಕಾರ ಒಂಬತ್ತು ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಸಿಕ್ಕರೂ ಅದನ್ನು ಮಾರಿದ ಲಾಭದ ಮೇಲೆ ಶೇ. 30 ತೆರಿಗೆ ಉಂಟು. ಕಡಿಮೆ ವೋಲ್ಟೇಜಿನಲ್ಲಿ ದೊಡ್ಡ ಕರೆಂಟನ್ನು ಸಾಗಿಸುವ ವಿದ್ಯೆಯನ್ನು ಕೈಯಾರೆ ಕಲಿಯುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ.

ತೊಡಕಿನ ಮೂಲ ಸರಳವಾಗಿದೆ. ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಡಬೇಕೆಂದು ನಿಯಮ, 3.0 ಪೋರ್ಟಿಗೆ ಅದು 900 ಮಿಲಿಆಂಪಿಯರ್. 2013ರಲ್ಲಿ ಬಂದ ಬ್ಲಾಕ್ ಇರಪ್ಟರ್ ಎಂಬ ಹಳೆಯ ಸ್ಟಿಕ್ 333 ಮೆಗಾಹ್ಯಾಶ್‌ಗೆ ಎರಡೂವರೆ ವ್ಯಾಟ್ ತಿನ್ನುತ್ತಿತ್ತು, ಅಂದರೆ ಅದು ಆ ನಿಯಮದ ಅಂಚಿನೊಳಗೇ ಇತ್ತು. ಆಮೇಲೆ ಬಂದವುಗಳಿಗೆ ಆ ಕಟ್ಟುಪಾಡಿಲ್ಲ. ನನ್ನ ಮೀಟರಿನಲ್ಲಿ ಕಾಂಪ್ಯಾಕ್ ಎಫ್ 400 ಮೆಗಾಹರ್ಟ್ಸ್‌ಗೆ 2.1 ಆಂಪಿಯರ್ ಎಳೆಯುತ್ತದೆ. ಆರಕ್ಕೆ ಹನ್ನೆರಡೂವರೆ ಆಂಪಿಯರ್, ಹಬ್‌ನ ಸ್ವಂತ ಖರ್ಚು ಸೇರಿಸಿದರೆ ಹದಿಮೂರು. ಅಂಗಡಿಯಲ್ಲಿ ಸಿಗುವ ಏಳು ಪೋರ್ಟಿನ ಹಬ್‌ಗೆ ಸಾಮಾನ್ಯವಾಗಿ ಕೊಡುವ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಇಂಥ ಒಂದೇ ಒಂದು ಸ್ಟಿಕ್‌ಗೂ ಸಾಲುವುದಿಲ್ಲ.

ಅಡಾಪ್ಟರ್ ದೊಡ್ಡದು ತಂದರೆ ಮುಗಿಯಿತಲ್ಲ ಎಂದು ಕೇಳುವವರು ಬಹಳ. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಎಷ್ಟು ಎಂಬುದಕ್ಕಿಂತ, ಸ್ಟಿಕ್ ಪೂರ್ತಿ ಓಡುತ್ತಿರುವಾಗ ಅದರ ಬಾಯಿಗೆ ಎಷ್ಟು ವೋಲ್ಟ್ ತಲುಪುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ನೋಡುತ್ತೇನೆ, ಏಕೆಂದರೆ ಸ್ಟಿಕ್‌ನ ಒಳಗಿರುವ ರೆಗ್ಯುಲೇಟರ್ 5 ವೋಲ್ಟನ್ನು ಚಿಪ್‌ಗೆ ಬೇಕಾದ ಅತಿ ಕಡಿಮೆ ವೋಲ್ಟೇಜಿಗೆ ಇಳಿಸಿ, ಚಿಪ್‌ಗೆ ಬೇಕಾದಷ್ಟು ವ್ಯಾಟನ್ನು ಹೇಗಾದರೂ ಮಾಡಿ ಒದಗಿಸುತ್ತದೆ. ಒಳಬರುವ ವೋಲ್ಟೇಜ್ ಕುಸಿದರೆ ಅದು ಅಷ್ಟೇ ವ್ಯಾಟಿಗಾಗಿ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೆಚ್ಚು ಆಂಪಿಯರ್ ಹರಿದಂತೆ ವೈರಿನಲ್ಲಿ ಇನ್ನಷ್ಟು ವೋಲ್ಟ್ ಕಳೆದುಹೋಗುತ್ತದೆ, ಹಾಗೆ ಕಳೆದುಹೋದಂತೆ ಸ್ಟಿಕ್ ಮತ್ತೂ ಹೆಚ್ಚು ಎಳೆಯುತ್ತದೆ. ನಮ್ಮ ಕಡೆ ತೊಗರಿ ಹೊಲಗಳ ಲೈನಿನ ಕೊನೆಯಲ್ಲಿರುವ ಪಂಪ್‌ಸೆಟ್ ಕಡಿಮೆ ವೋಲ್ಟೇಜಿನಲ್ಲಿ ಗುಂಯ್‌ಗುಟ್ಟುತ್ತ ಹೆಚ್ಚು ಕರೆಂಟ್ ಎಳೆದು ಕಾಯಿಲ್ ಸುಟ್ಟುಕೊಳ್ಳುವುದೂ ಇದೇ ರೀತಿಯಲ್ಲಿ. ಸ್ಟಿಕ್ ಸುಡುವುದು ಅಪರೂಪ. ಅದರ ಬದಲು ಹಾರ್ಡ್‌ವೇರ್ ಎರರ್‌ಗಳು ಏರುತ್ತವೆ, ಸಿಜಿಮೈನರ್ ಪರದೆಯಲ್ಲಿ ಸ್ಟಿಕ್‌ನ ಹೆಸರಿನ ಮುಂದೆ ಝಾಂಬಿ (ಸಂಪರ್ಕ ಕಳೆದುಕೊಂಡದ್ದು) ಎಂದು ಬರುತ್ತದೆ, ಕರ್ನೆಲ್ ಲಾಗ್‌ನಲ್ಲಿ ಯುಎಸ್‌ಬಿ ಡಿಸ್‌ಕನೆಕ್ಟ್ ಎಂಬ ಸಾಲುಗಳು ತುಂಬಿಕೊಳ್ಳುತ್ತವೆ. ಇದನ್ನು ಸಾಫ್ಟ್‌ವೇರಿನ ದೋಷವೆಂದು ಬಗೆದು ಡ್ರೈವರ್ ಬದಲಿಸುತ್ತ ಕೂರುವವರೇ ಹೆಚ್ಚು.

ವೋಲ್ಟ್ ಎಲ್ಲೆಲ್ಲಿ ಸೋರುತ್ತದೆ ಎಂದು ಹಬ್‌ಗೆ ಕೈ ಹಾಕುವ ಮೊದಲೇ ಲೆಕ್ಕ ಹಾಕಿದೆ. ಅಡಾಪ್ಟರಿನ ತೆಳು ವೈರ್ 0.33 ಚದರ ಮಿ.ಮೀ. ಇದ್ದರೆ ಮೀಟರಿಗೆ ಸುಮಾರು 52 ಮಿಲಿಓಮ್ ತಡೆ ಇರುತ್ತದೆ. ಒಂದು ಮೀಟರ್ ಉದ್ದದ ಅಡಾಪ್ಟರ್ ವೈರಿನಲ್ಲಿ ಕರೆಂಟ್ ಹೋಗಿಬರುವ ದಾರಿ ಎರಡು ಮೀಟರ್, ಆದ್ದರಿಂದ 4 ಆಂಪಿಯರ್‌ಗೇ 0.4 ವೋಲ್ಟ್ ಅಲ್ಲಿಯೇ ಹೋಯಿತು. ಹಬ್‌ನ ಹಿಂದಿರುವ ದುಂಡು ಜ್ಯಾಕ್ ಇಂಥ ಕರೆಂಟಿಗೆ ಹುಟ್ಟಿದ್ದೇ ಅಲ್ಲ, ಬೆರಳಿಟ್ಟರೆ ಬಿಸಿ ತಾಕುತ್ತದೆ. ಸ್ಟಿಕ್‌ಗೂ ಹಬ್‌ಗೂ ನಡುವೆ ಎಕ್ಸ್‌ಟೆನ್ಷನ್ ಕೇಬಲ್ ಹಾಕುವವರಿದ್ದಾರೆ. ಸಾಮಾನ್ಯ ಕೇಬಲ್ ಒಳಗಿನ ಕೂದಲಿನಷ್ಟು ತೆಳುವಾದ 28 ಗೇಜಿನ ತಂತಿಯಲ್ಲಿ ಒಂದು ಮೀಟರಿಗೆ, ಹೋಗಿಬರುವುದು ಸೇರಿ, 0.4 ಓಮ್‌ಗೂ ಹೆಚ್ಚು ತಡೆ ಇರುವುದರಿಂದ 2 ಆಂಪಿಯರ್‌ಗೆ 0.8 ವೋಲ್ಟ್ ಮಾಯವಾಗುತ್ತದೆ. ಆದ್ದರಿಂದ ನನ್ನ ಸ್ಟಿಕ್‌ಗಳೆಲ್ಲ ನೇರವಾಗಿ ಹಬ್‌ಗೇ ಸಿಕ್ಕಿಸಿಕೊಂಡಿವೆ.

ಇದಕ್ಕೆ ಎರಡು ದಾರಿಗಳಿದ್ದವು. ಹನ್ನೆರಡು ವೋಲ್ಟ್ ಒಳಹರಿವಿನ ದೊಡ್ಡ ಹಬ್ ಕೊಂಡರೆ ಅದೇ ವ್ಯಾಟಿಗೆ ಅಡಾಪ್ಟರ್ ವೈರಿನಲ್ಲಿ ಅರ್ಧಕ್ಕಿಂತ ಕಡಿಮೆ ಆಂಪಿಯರ್ ಹರಿಯುತ್ತದೆ, 5 ವೋಲ್ಟ್‌ಗೆ ಇಳಿಸುವ ಕೆಲಸವನ್ನು ಹಬ್ ತನ್ನೊಳಗೇ ಮಾಡಿಕೊಳ್ಳುತ್ತದೆ. ಬಿಚ್ಚಿ ಬೆಸುಗೆ ಹಾಕಲು ಕೈ ಬರದವರಿಗೆ ನಾನು ಇದನ್ನೇ ಹೇಳುತ್ತೇನೆ, 12 ವೋಲ್ಟ್ 10 ಆಂಪಿಯರ್ ಅಡಾಪ್ಟರ್ ಜೊತೆಗಿರಲಿ. ನನ್ನ ಕೈಯಲ್ಲಿದ್ದದ್ದು 5 ವೋಲ್ಟಿನ ಹತ್ತು ಪೋರ್ಟ್ ಹಬ್ ಆದ್ದರಿಂದ ಎರಡನೆಯ ದಾರಿ ಹಿಡಿದೆ. ಸೂಪರ್ ಮಾರ್ಕೆಟ್ ಭಾಗದ ಅಂಗಡಿಗಳಲ್ಲಿ ಓಡುವ ಅಕ್ಷರಗಳ ಎಲ್‌ಇಡಿ ಬೋರ್ಡ್‌ಗಳಿಗೆ ಹಾಕುವ 5 ವೋಲ್ಟ್ 40 ಆಂಪಿಯರ್‌ನ ಎಸ್‌ಎಂಪಿಎಸ್ (ಮೇನ್ಸ್ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಡಬ್ಬಿ) ಸುಲಭವಾಗಿ ಸಿಗುತ್ತದೆ. ನಾನು ಒಂದೇ ಒಂದು ಕೇಳಿದಾಗ ಅಂಗಡಿಯವರು, "ಇದು ಬೋರ್ಡಿಗಿ ಹಾಕೂದ್ರೀ ಸರ, ಬೋರ್ಡ್ ಇಲ್ದೆ ಏನ್ ಮಾಡ್ತೀರಿ?" ಎಂದು ಕೇಳಿ, ಯುಎಸ್‌ಬಿಗೆ ಎಂದಾಗ ನಂಬದೆ ನಕ್ಕರು. ಹೆಸರಿಗೆ 200 ವ್ಯಾಟ್ ಇರುವ ಈ ಡಬ್ಬಿಯಿಂದ ನಾನು ಎಳೆಯುವುದು 65 ವ್ಯಾಟ್ ಮಾತ್ರ. ಅಗ್ಗದ ಎಸ್‌ಎಂಪಿಎಸ್‌ಗಳನ್ನು ಬರೆದುಕೊಂಡ ಅಂಕಿಯ ಅರ್ಧಕ್ಕಿಂತ ಮೇಲೆ ಒಯ್ಯಬಾರದು ಎಂಬುದು ನನ್ನ ಕಟ್ಟುನಿಟ್ಟು.

ಹಬ್ ಬಿಚ್ಚಿ ದುಂಡು ಜ್ಯಾಕನ್ನು ತೆಗೆದುಹಾಕಿದೆ. ಅದರ ಜಾಗಕ್ಕೂ, ಬೋರ್ಡಿನ ಇನ್ನೊಂದು ತುದಿಗೂ, ಹೀಗೆ ಎರಡು ಕಡೆಯಿಂದ ಕರೆಂಟ್ ಕೊಟ್ಟೆ. ಹಬ್‌ನ ಸರ್ಕ್ಯೂಟ್ ಬೋರ್ಡಿನ ಮೇಲಿನ ತಾಮ್ರದ ಪಟ್ಟಿ ಬಹಳ ತೆಳು. ಹದಿಮೂರು ಆಂಪಿಯರ್ ಒಂದೇ ತುದಿಯಿಂದ ಅದರ ಮೇಲೆ ಹರಿದರೆ ಕೊನೆಯ ಪೋರ್ಟಿನವರೆಗೆ ಬರುವಷ್ಟರಲ್ಲಿ ಸೊರಗುತ್ತದೆ, ಎರಡೂ ತುದಿಗಳಿಂದ ಕೊಟ್ಟರೆ ಯಾವ ಪಟ್ಟಿಯ ಮೇಲೂ ಪೂರ್ತಿ ಭಾರ ಬೀಳುವುದಿಲ್ಲ. ವೈರ್ ಮನೆ ವೈರಿಂಗಿಗೆ ಬಳಸುವ ಎರಡೂವರೆ ಎಂಎಂ ತಾಮ್ರದ್ದು, ಉದ್ದ 40 ಸೆಂಟಿಮೀಟರ್ ಮೀರಿಲ್ಲ, ಎಸ್‌ಎಂಪಿಎಸ್ ಕಡೆಯ ತುದಿಗಳಿಗೆ ಥಿಂಬಲ್ (ಲೋಹದ ತುದಿ) ಒತ್ತಿಸಿ ಸ್ಕ್ರೂ ಬಿಗಿದಿದ್ದೇನೆ. ಪ್ಲಸ್ ವೈರಿನಲ್ಲಿ, ಎಸ್‌ಎಂಪಿಎಸ್‌ಗೆ ಹತ್ತಿರದಲ್ಲಿಯೇ, ಕಾರಿಗೆ ಹಾಕುವ 15 ಆಂಪಿಯರ್ ಬ್ಲೇಡ್ ಫ್ಯೂಸ್ ಇದೆ. 2 ಆಂಪಿಯರ್ ಅಡಾಪ್ಟರ್ ಶಾರ್ಟ್ ಆದರೆ ಸುಮ್ಮನೆ ಆರಿಹೋಗುತ್ತದೆ. 40 ಆಂಪಿಯರ್ ಕೊಡಬಲ್ಲ ಡಬ್ಬಿ ಹಾಗಲ್ಲ, ಅದು ಹಬ್‌ನ ಬೋರ್ಡನ್ನೇ ಹೊತ್ತಿಸುವವರೆಗೆ ಕೊಡುತ್ತಲೇ ಇರುತ್ತದೆ. ಫ್ಯೂಸ್ ಇಲ್ಲದೆ ಇದನ್ನು ಯಾರೂ ಮಾಡಬೇಡಿ.

ಒಂದೊಂದು ಪೋರ್ಟಿನ ಹಿಂದೆಯೂ ಪಾಲಿಫ್ಯೂಸ್ ಎಂಬ ಚಿಕ್ಕ ಬಿಡಿಭಾಗವಿತ್ತು, ಹೆಚ್ಚು ಕರೆಂಟ್ ಹರಿದರೆ ಕಾದು ತಡೆಯಾಗಿ ತಣಿದ ಮೇಲೆ ಮತ್ತೆ ಬಿಡುವಂಥದ್ದು. ನನ್ನ ಹಬ್‌ನಲ್ಲಿದ್ದವು 1.1 ಆಂಪಿಯರ್‌ನವು. ಅವು 2.1 ಆಂಪಿಯರ್‌ಗೆ ಕೆಲವು ಕ್ಷಣ ತಾಳಿ ಆಮೇಲೆ ಕೈಬಿಡುತ್ತವೆ, ಸ್ಟಿಕ್ ತಾನಾಗಿ ಬಂದು ಹೋಗಿ ಮಾಡುತ್ತದೆ. ಆ ಜಾಗದಲ್ಲಿ ವೈರಿನ ತುಂಡು ಬೆಸೆದು ಕೆಲಸ ಮುಗಿಸುವ ಚಾಳಿ ಬಹಳ ಕಡೆ ಇದೆ, ನನಗೆ ಅದು ಒಪ್ಪಿಗೆಯಿಲ್ಲ. ಒಂದು ಸ್ಟಿಕ್ ಒಳಗೆ ಶಾರ್ಟ್ ಆದರೆ ದೊಡ್ಡ ಫ್ಯೂಸ್ ಹಾರುವ ಮೊದಲೇ ಆ ಪೋರ್ಟ್ ಕರಗಿರುತ್ತದೆ. ನಾನು ಸ್ಟಿಕ್ ಹಾಕುವ ಆರು ಪೋರ್ಟ್‌ಗಳಿಗೆ 3 ಆಂಪಿಯರ್‌ನ ಪಾಲಿಫ್ಯೂಸ್ ಬೆಸೆದು, ಉಳಿದ ನಾಲ್ಕನ್ನು ಹಾಗೆಯೇ ಬಿಟ್ಟೆ. ಯುಎಸ್‌ಬಿ ಸಾಕೆಟ್ಟಿನ ಲೋಹದ ನಾಲಿಗೆಗಳಿಗೆ ನಿಯಮದ ಪ್ರಕಾರ ಇರುವ ಮಿತಿ 1.5ರಿಂದ 1.8 ಆಂಪಿಯರ್ ಎಂಬುದನ್ನೂ ನೆನಪಿಡಬೇಕು. ನಾವು ಅದನ್ನು ಮೀರಿಯೇ ನಡೆಸುತ್ತೇವೆ, ಹಾಗಾಗಿ ಆಗಾಗ ಸ್ಟಿಕ್ ಬಿಚ್ಚಿ, ನಾಲಿಗೆಗಳು ಕಂದುಬಣ್ಣಕ್ಕೆ ತಿರುಗಿವೆಯೇ ಎಂದು ನೋಡಿ, ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತೇನೆ.

ಹಬ್‌ನಿಂದ ಪೈಗೆ ಹೋಗುವ ಕೇಬಲ್‌ನದೇ ಬೇರೆ ಪ್ರಶ್ನೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ, ಆದ್ದರಿಂದ ಹಬ್ ಪೈನಿಂದ ಏನನ್ನೂ ಎಳೆಯಬಾರದು. ಅದಕ್ಕಿಂತ ಹೆಚ್ಚಾಗಿ, ಹಬ್‌ನ 5 ವೋಲ್ಟ್ ಹಿಂದಕ್ಕೆ ಪೈಗೆ ನುಗ್ಗಬಾರದು. ಅಗ್ಗದ ಹಬ್‌ಗಳಲ್ಲಿ ಇದನ್ನು ತಡೆಯುವ ಏರ್ಪಾಡೇ ಇರುವುದಿಲ್ಲ. ಹಬ್‌ಗೆ ಕರೆಂಟ್ ಕೊಟ್ಟು, ಪೈಗೆ ಹೋಗುವ ಕೇಬಲ್ಲಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ, ನನ್ನದರಲ್ಲಿ 5 ವೋಲ್ಟ್ ತೋರಿಸಿತು. ಆ ಕೇಬಲ್ಲಿನ ಕೆಂಪು ತಂತಿಯನ್ನು ಮಾತ್ರ ಕತ್ತರಿಸಿ, ತುದಿಗಳಿಗೆ ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿದೆ. ಕಪ್ಪು, ಬಿಳಿ, ಹಸಿರು ತಂತಿಗಳು ಹಾಗೆಯೇ ಉಳಿದವು. ಕೆಲವು ಹಬ್‌ಗಳು ಕೆಂಪು ತಂತಿಯಲ್ಲಿ ವೋಲ್ಟ್ ಕಾಣದಿದ್ದರೆ ಕಂಪ್ಯೂಟರ್ ಇದೆ ಎಂದೇ ತಿಳಿಯುವುದಿಲ್ಲ. ಕತ್ತರಿಸುವ ಮೊದಲು ಪ್ಲಗ್‌ನ ಆ ಒಂದು ನಾಲಿಗೆಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಗೊಡದ ತೆಳು ಟೇಪ್) ಅಂಟಿಸಿ ಪರೀಕ್ಷಿಸುವುದು ಒಳ್ಳೆಯದು.

ಎಸ್‌ಎಂಪಿಎಸ್‌ನ ಪಕ್ಕದಲ್ಲಿ ವೋಲ್ಟ್ ಹೊಂದಿಸುವ ಪುಟ್ಟ ತಿರುಪು ಇರುತ್ತದೆ. ಹಬ್ ಜೋಡಿಸುವ ಮೊದಲೇ ಅದನ್ನು 5.20 ವೋಲ್ಟ್‌ಗೆ ತಂದೆ. ಯುಎಸ್‌ಬಿ 2.0ಗೆ ಮೊದಲು ಇಟ್ಟ ಮೇಲಿನ ಮಿತಿಯಾದ 5.25 ಅನ್ನು ದಾಟಲಿಲ್ಲ, ಏಕೆಂದರೆ ಸ್ಟಿಕ್‌ಗಳು ಆರಿದ್ದಾಗ ಇಡೀ 5.20 ಹಬ್‌ನ ಚಿಪ್‌ಗಳ ಮೇಲೆ ಬೀಳುತ್ತದೆ. ಆರೂ ಸ್ಟಿಕ್ ಓಡುವಾಗ ಬೋರ್ಡಿನ ಮೇಲೆ 5.12 ಇತ್ತು. ಎರಡೂವರೆ ಎಂಎಂ ವೈರಿನ ತಡೆ ಮೀಟರಿಗೆ 7.4 ಮಿಲಿಓಮ್ ಆದ್ದರಿಂದ, ಹೋಗಿಬರುವ 80 ಸೆಂಟಿಮೀಟರಿಗೆ ಹದಿಮೂರು ಆಂಪಿಯರ್‌ನ ಪೂರ್ತಿ ಭಾರಕ್ಕೆ 0.08 ವೋಲ್ಟ್ ಎಂಬ ಲೆಕ್ಕಕ್ಕೆ ಅದು ಸರಿಹೊಂದಿತು. ಪೋರ್ಟಿನ ಬೆಸುಗೆಯ ಬಿಂದುಗಳಲ್ಲಿ, ಪಾಲಿಫ್ಯೂಸ್ ದಾಟಿದ ಮೇಲೆ, 5.03. ಅಳೆಯುವಾಗ ಸ್ಟಿಕ್‌ಗೂ ಪೋರ್ಟಿಗೂ ನಡುವೆ ಸಿಕ್ಕಿಸುವ ಯುಎಸ್‌ಬಿ ಮೀಟರನ್ನು ನಂಬಿ ಕೂರಬಾರದು, ಅದರ ಸ್ವಂತ ತಡೆಯೇ ಇನ್ನೊಂದಿಷ್ಟನ್ನು ನುಂಗಿ 4.95 ತೋರಿಸುತ್ತದೆ. ಆಂಪಿಯರಿಗೆ ಅದು, ವೋಲ್ಟಿಗೆ ಮಲ್ಟಿಮೀಟರಿನ ಮೊನೆ.

ಸಿಜಿಮೈನರ್‌ನಲ್ಲಿ ಫ್ರೀಕ್ವೆನ್ಸಿಯನ್ನು ಒಮ್ಮೆಲೇ 400ಕ್ಕೆ ಒಯ್ಯದೆ ಕೆಳಗಿನಿಂದ ಏರಿಸುತ್ತ ಹೋಗುವ ಸೌಲಭ್ಯವಿದೆ, ಹೀಗಾಗಿ ಕರೆಂಟ್ ಹೋಗಿ ಬಂದಾಗ ಆರೂ ಸ್ಟಿಕ್‌ಗಳ ಭಾರ ಒಟ್ಟಿಗೆ ಬೀಳುವುದಿಲ್ಲ. ಇನ್ವರ್ಟರಿನ ಮೇಲೆ ಪೈ ಒಂದನ್ನೇ ಇಟ್ಟಿದ್ದೇನೆ, ಸ್ಟಿಕ್‌ಗಳು ಮೇನ್ಸ್ ಬಂದ ಮೇಲೆ ತಾವಾಗಿ ಸೇರಿಕೊಳ್ಳುತ್ತವೆ.

ಉಳಿದದ್ದು ನಮ್ಮೂರಿನ ಬಿಸಿಲು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ದಾಟುವಾಗ ಮಹಡಿಯ ಮೇಲಿನ ಕೋಣೆಯ ಹಬ್‌ನೊಳಗೆ 60 ಡಿಗ್ರಿ ಆಗುವುದು ಸಹಜ, ಆ ಬಿಸಿಯಲ್ಲಿ 3 ಆಂಪಿಯರ್‌ನ ಪಾಲಿಫ್ಯೂಸ್ ತಾಳುವುದು 2 ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಗಟ್ಟಿಯಾಗಿ ನಿಂತ ಜೋಡಣೆ ಬೇಸಿಗೆಯ ಮಧ್ಯಾಹ್ನ ತಾನಾಗಿ ಬೀಳುವುದು ಇದರಿಂದ. ಹಬ್‌ನ ಮುಚ್ಚಳ ತೆಗೆದಿಟ್ಟು, ಪಕ್ಕದಿಂದ 12 ವೋಲ್ಟ್ ಫ್ಯಾನ್ ಹಚ್ಚಿ, ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಫ್ರೀಕ್ವೆನ್ಸಿಯನ್ನು 300ಕ್ಕೆ ಇಳಿಸುತ್ತೇನೆ. ಆಗ ಒಂದು ಸ್ಟಿಕ್ ಎಳೆಯುವುದು ಒಂದೂವರೆ ಆಂಪಿಯರ್, ಕೊಡುವುದು 200 ಗಿಗಾಹ್ಯಾಶ್. ಕೂಲರ್‌ನ ಗಾಳಿಗೆ ಮಾತ್ರ ಇದನ್ನು ಒಡ್ಡಬೇಡಿ, ನಮ್ಮ ಬೋರ್‌ವೆಲ್ ನೀರಿನ ಉಪ್ಪು ಬೋರ್ಡಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ಗೋಡೆಯ ಸಾಕೆಟ್ಟಿನಲ್ಲಿ ಅಳೆದರೆ ಎಲ್ಲ ಸೇರಿ 80 ವ್ಯಾಟ್ ಸುಮಾರು, ತಿಂಗಳಿಗೆ 58 ಯೂನಿಟ್. ಗೃಹಜ್ಯೋತಿಯ ಉಚಿತ ಮಿತಿ 2022-23ರ ಸರಾಸರಿ ಬಳಕೆಯನ್ನು ಆಧರಿಸಿದ್ದು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಾದ್ದರಿಂದ, ಫ್ಯಾನು, ಕೂಲರು, ಫ್ರಿಜ್ಜುಗಳ ಜೊತೆ ಈ 58 ಸೇರಿದರೆ ಮೀಟರ್ ಎಲ್ಲಿಗೆ ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಮೇ ತಿಂಗಳ ಕೊನೆಯ ವಾರ ಆರರಲ್ಲಿ ನಾಲ್ಕು ಸ್ಟಿಕ್ ಆರಿಸಿಯೇ ಇರುತ್ತವೆ.