ನೆರವು, ತೆರಿಗೆ, ದುಡಿಮೆ: ಮಲೆನಾಡಿನಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಬಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಸರ್ಕಾರದ ಗ್ಯಾರಂಟಿ ಯೋಜನೆಗಳ ಮಾತು ಬಂದಲ್ಲೆಲ್ಲ ಮೂರು ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ: ಇದು ಯಾರಿಗೆ ಸಿಗಬೇಕು, ಇದರ ದುಡ್ಡು ಯಾರು ಕಟ್ಟಿದ್ದು, ಸಿಕ್ಕ ಮೇಲೆ ಜನ ಕೆಲಸಕ್ಕೆ ಬರುತ್ತಾರೆಯೇ. ಎಂ.ಎ. ಪ್ರಬಂಧಕ್ಕಾಗಿಯೋ ಕಾಲೇಜಿನ ಕ್ಷೇತ್ರಕಾರ್ಯಕ್ಕಾಗಿಯೋ ಈ ವಿಷಯದಲ್ಲಿ ಸಮೀಕ್ಷೆ ನಡೆಸಲು ಹೊರಟವರು ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಜನ ಯೋಜನೆಯನ್ನು ತೂಗುವುದು ಅದನ್ನು ಪಡೆಯುವವರ ಮುಖ ನೋಡಿ. ಆದ್ದರಿಂದ ಪಡೆಯುವವರು ಯಾರು, ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಹೇಳದೆ ಕೇಳಿದ ಪ್ರಶ್ನೆಗೆ ಬರುವ ಉತ್ತರವನ್ನು ಅಭಿಪ್ರಾಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟ.

ಪ್ರಶ್ನಾವಳಿ ಬರೆಯುವಾಗ ಪದಗಳ ಆಯ್ಕೆಗೆ ಸಾಕಷ್ಟು ಸಮಯ ಕೊಡಿ. ಅಮೆರಿಕದಲ್ಲಿ 1972ರಿಂದ ನಡೆಯುತ್ತಿರುವ ಜನರಲ್ ಸೋಷಿಯಲ್ ಸರ್ವೆಯಲ್ಲಿ 1980ರ ದಶಕದ ನಡುವೆ ಒಂದು ಪ್ರಯೋಗ ಮಾಡಿದರು. ಸರ್ಕಾರ ‘ವೆಲ್‌ಫೇರ್‌’ಗೆ ಮಾಡುವ ಖರ್ಚು ಅಗತ್ಯಕ್ಕಿಂತ ಕಡಿಮೆಯೇ ಎಂದು ಕೆಲವರನ್ನೂ, ‘ಬಡವರಿಗೆ ನೆರವು’ ನೀಡಲು ಮಾಡುವ ಖರ್ಚು ಅಗತ್ಯಕ್ಕಿಂತ ಕಡಿಮೆಯೇ ಎಂದು ಉಳಿದವರನ್ನೂ ಕೇಳಲಾಯಿತು. ಮೊದಲ ಗುಂಪಿನಲ್ಲಿ ಕಡಿಮೆ ಎಂದವರು ಸುಮಾರು ಕಾಲು ಭಾಗ. ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು. ನಮ್ಮಲ್ಲೂ ‘ಬಿಟ್ಟಿ ಭಾಗ್ಯ’ ಎಂಬ ಮಾತು ಪ್ರಶ್ನೆಯೊಳಗೆ ನುಸುಳಿದರೆ ಉತ್ತರ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ‘ಜನಕಲ್ಯಾಣ’ ಎಂದರೂ ಅಷ್ಟೇ, ಪಕ್ಷಪಾತ ಮಾತ್ರ ಇನ್ನೊಂದು ಕಡೆಗೆ. ಯೋಜನೆಯ ಹೆಸರು ಹೇಳಿ, ಅದರಲ್ಲಿ ಸಿಗುವುದೇನೆಂದು ಒಂದೇ ವಾಕ್ಯದಲ್ಲಿ ತಿಳಿಸಿ ಕೇಳುವುದು ಒಳ್ಳೆಯದು. ‘ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡ್ತಾರೆ’ ಎಂಬಷ್ಟು ಸರಳವಾಗಿದ್ದರೆ ಸಾಕು.

‘ಒಪ್ಪುತ್ತೀರಾ, ಇಲ್ಲವಾ’ ಎಂಬ ರೀತಿಯ ಪ್ರಶ್ನೆಗಳನ್ನು ಆದಷ್ಟು ಬಿಡಿ. ಮನೆಗೆ ಬಂದವರ ಮಾತನ್ನು ಎದುರಿಗೇ ಅಲ್ಲಗಳೆಯಬಾರದೆಂಬ ಸಂಕೋಚ ನಮ್ಮ ಕಡೆ ಹೆಚ್ಚು, ಹಾಗಾಗಿ ‘ಹೌದು’ಗಳು ಉಬ್ಬುತ್ತವೆ. ಅದರ ಬದಲು ಎರಡು ಮಾತುಗಳನ್ನೂ ಸಮಾನ ತೂಕದಲ್ಲಿ ಮುಂದಿಡಿ: ‘ಕೆಲವರು ಬಡತನಕ್ಕೆ ಅವರವರ ಸೋಮಾರಿತನವೇ ಕಾರಣ ಅಂತಾರೆ. ಇನ್ನು ಕೆಲವರು ಸಮಾಜದಲ್ಲಿ ನ್ಯಾಯ ಇಲ್ಲದ್ದೇ ಕಾರಣ ಅಂತಾರೆ. ನಿಮಗೆ ಯಾವುದು ಸರಿ ಅನ್ಸುತ್ತೆ?’ 1981ರಲ್ಲಿ ಆರಂಭವಾದ, ಹಲವು ದೇಶಗಳಲ್ಲಿ ನಡೆಯುವ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯಲ್ಲೂ ಇಂಥ ಪ್ರಶ್ನೆ ಬಳಕೆಯಾಗಿರುವುದರಿಂದ ನಿಮ್ಮ ಫಲಿತಾಂಶವನ್ನು ಬೇರೆಡೆಯ ಫಲಿತಾಂಶದೊಂದಿಗೆ, ಎಚ್ಚರಿಕೆಯಿಂದ, ಹೋಲಿಸಲೂ ಸಾಧ್ಯವಾಗುತ್ತದೆ.

ತೆರಿಗೆಯ ಪ್ರಶ್ನೆಯಲ್ಲಿ ಉತ್ತರಿಸುವವರು ತೆರಬೇಕಾದ ಬೆಲೆಯೂ ಇರಬೇಕು. ಆಸ್ಪತ್ರೆಗೆ, ಶಾಲೆಗೆ, ಪಿಂಚಣಿಗೆ ಸರ್ಕಾರ ಇನ್ನಷ್ಟು ಖರ್ಚು ಮಾಡಬೇಕೇ ಎಂದು ಕೇಳಿದರೆ ಬೇಡವೆನ್ನುವವರು ವಿರಳ. ಬ್ರಿಟನ್ನಿನ ಸೋಷಿಯಲ್ ಆಟಿಟ್ಯೂಡ್ಸ್ ಸಮೀಕ್ಷೆ 1983ರಿಂದ ಇದಕ್ಕೆ ಒಂದು ದಾರಿ ಕಂಡುಕೊಂಡಿದೆ: ತೆರಿಗೆ ಇಳಿಸಿ ಖರ್ಚು ಇಳಿಸಬೇಕೇ, ಈಗಿದ್ದಂತೆಯೇ ಇರಬೇಕೇ, ತೆರಿಗೆ ಏರಿಸಿ ಖರ್ಚು ಏರಿಸಬೇಕೇ ಎಂಬ ಮೂರರಲ್ಲಿ ಒಂದನ್ನು ಆರಿಸಬೇಕು. ಇದನ್ನು ಇಲ್ಲಿಗೆ ತರುವಾಗ ಜನರಿಗೆ ಕಾಣುವ ತೆರಿಗೆಯನ್ನು ಹೆಸರಿಸಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿ ಪೆಟ್ರೋಲ್ ಬೆಲೆ ಲೀಟರಿಗೆ ಸುಮಾರು 3 ರೂಪಾಯಿ ಏರಿದ್ದು ದಿನವೂ ಬೈಕಿನಲ್ಲಿ ಓಡಾಡುವವರಿಗೆ ಗೊತ್ತಿದೆ. ಅಂಥ ಏರಿಕೆಯನ್ನು ಮುಂದಿಟ್ಟು ‘ಇಷ್ಟು ಕೊಟ್ಟಾದರೂ ಯೋಜನೆ ಮುಂದುವರಿಯಲಿ ಅನ್ನುತ್ತೀರಾ, ಬೇಡ ಅನ್ನುತ್ತೀರಾ’ ಎಂದು ಕೇಳಬಹುದು.

ಇದಕ್ಕೂ ಮುಂಚೆ ‘ತೆರಿಗೆ ಕಟ್ಟುವವರು ಯಾರು?’ ಎಂದು ಆಯ್ಕೆಗಳನ್ನು ಕೊಡದೆ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಸೋಪು ಕೊಳ್ಳುವ ಕೂಲಿಯವರೂ ಜಿಎಸ್‌ಟಿ ಕೊಡುತ್ತಾರೆ. ಗೃಹಲಕ್ಷ್ಮಿಯ ನಿಯಮದಂತೆ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಹಣ ಸಿಗುವುದಿಲ್ಲ. ಹೀಗಾಗಿ ದೊಡ್ಡ ಅಡಿಕೆ ತೋಟದ ಮನೆ ಯೋಜನೆಯೊಳಗೆ, ಸಂಬಳದಲ್ಲಿ ತೆರಿಗೆ ಕಡಿತವಾಗುವ ಮೇಷ್ಟ್ರ ಮನೆ ಹೊರಗೆ ಇರುವ ಸಂದರ್ಭ ಮಲೆನಾಡಿನಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಈ ಕುರಿತ ಅಸಮಾಧಾನ ಯಾರಲ್ಲಿದೆ, ಯಾರಲ್ಲಿಲ್ಲ ಎಂಬುದು ಒಂದು ಇಡೀ ಅಧ್ಯಾಯಕ್ಕೆ ತಕ್ಕ ವಿಷಯ. ಈ ಜಿಲ್ಲೆಯ ಸಂಶೋಧಕರು ಇದನ್ನು ಬಿಟ್ಟು ಮುಂದೆ ಹೋಗಬಾರದೆಂದು ನನ್ನ ಆಗ್ರಹ.

ಇನ್ನು ಸಮೀಕ್ಷೆಯ ಹೃದಯಭಾಗ. ನೆದರ್ಲೆಂಡ್ಸ್‌ನ ಸಮೀಕ್ಷೆಯೊಂದನ್ನು ಆಧರಿಸಿ ಸಂಶೋಧಕ ವಿಮ್ ವಾನ್ ಊರ್ಸ್ಕಾಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನವು, ನೆರವಿಗೆ ಯಾರು ಅರ್ಹರೆಂದು ಜನ ನಿರ್ಧರಿಸುವಾಗ ಐದು ಸಂಗತಿಗಳನ್ನು ನೋಡುತ್ತಾರೆಂದು ಹೇಳುತ್ತದೆ: ಕಷ್ಟ ಅವರ ಕೈಮೀರಿ ಬಂದದ್ದೇ, ಅವರ ನಡವಳಿಕೆಯಲ್ಲಿ ವಿನಯವಿದೆಯೇ, ಸಮಾಜಕ್ಕೆ ಅವರು ಹಿಂದೆ ಏನಾದರೂ ಕೊಟ್ಟಿದ್ದಾರೆಯೇ, ಅವರು ನಮ್ಮವರೇ, ಅಗತ್ಯ ಎಷ್ಟು ದೊಡ್ಡದು. ಇವನ್ನು ನೇರವಾಗಿ ಕೇಳಿದರೆ ಎಲ್ಲರೂ ಧರ್ಮವಂತರಂತೆ ಉತ್ತರಿಸುತ್ತಾರೆ. ಅದಕ್ಕಾಗಿ ಒಬ್ಬ ಕಲ್ಪಿತ ವ್ಯಕ್ತಿಯ ಚಿಕ್ಕ ಚಿತ್ರ ಕೊಟ್ಟು, ಬೇರೆ ಬೇರೆ ಜನರಿಗೆ ಅದರಲ್ಲಿ ಒಂದೊಂದೇ ವಿವರವನ್ನು ಬದಲಿಸಿ ಕೇಳುವ ವಿಧಾನವನ್ನು ಬಳಸಿ. ಉದಾಹರಣೆಗೆ: ‘ತೀರ್ಥಹಳ್ಳಿ ಕಡೆಯ 45 ವರ್ಷದ ಒಬ್ಬ ಹೆಂಗಸು, ಗಂಡ ತೀರಿಕೊಂಡಿದ್ದಾರೆ, ಅಡಿಕೆ ಸುಲಿಯುವ ಕೂಲಿ ಮಾಡ್ತಾರೆ. ಮಳೆಗಾಲದಲ್ಲಿ ಜಾರಿ ಬಿದ್ದು ಮೂರು ತಿಂಗಳಿಂದ ಕೆಲಸಕ್ಕೆ ಹೋಗಕ್ಕಾಗಿಲ್ಲ. ಇವರಿಗೆ ಸರ್ಕಾರ ತಿಂಗಳಿಗೆ ಎಷ್ಟು ಕೊಡಬೇಕು?’ ಅರ್ಧ ಜನಕ್ಕೆ ಇದೇ ಚಿತ್ರ. ಉಳಿದರ್ಧ ಜನಕ್ಕೆ ‘ತೀರ್ಥಹಳ್ಳಿ ಕಡೆಯ’ ಎಂಬುದರ ಬದಲು ‘ಬಯಲುಸೀಮೆಯಿಂದ ಕೆಲಸಕ್ಕೆ ಬಂದು ನೆಲೆಸಿದ’ ಎಂದು ಹೇಳಿ. ಬೇರೆ ಒಂದಕ್ಷರವನ್ನೂ ಬದಲಿಸಬೇಡಿ. ಯಾರಿಗೆ ಯಾವ ಚಿತ್ರ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು. ಎರಡು ಗುಂಪುಗಳು ಹೇಳಿದ ಮೊತ್ತದ ಸರಾಸರಿಗಳಲ್ಲಿ ದೊಡ್ಡ ವ್ಯತ್ಯಾಸ ಬಂದರೆ ‘ನಮ್ಮವರು’ ಎಂಬ ಭಾವನೆಗೆ ಜನ ಎಷ್ಟು ಬೆಲೆ ಕಟ್ಟುತ್ತಾರೆಂಬುದು ರೂಪಾಯಿಯಲ್ಲೇ ಸಿಗುತ್ತದೆ.

ಚಿತ್ರಗಳಿಗೆ ವಿವರಗಳನ್ನು ಈ ನೆಲದಿಂದಲೇ ಆರಿಸಿ. ಕೊಳೆರೋಗದಲ್ಲಿ ಫಸಲು ಕಳೆದುಕೊಂಡ ಸಣ್ಣ ತೋಟದವರು, ಭದ್ರಾವತಿಯ ಕಾಗದ ಕಾರ್ಖಾನೆ ನಿಂತ ಮೇಲೆ ಕೆಲಸವಿಲ್ಲದ ಗುತ್ತಿಗೆ ಕಾರ್ಮಿಕರು, ಪದವಿ ಮುಗಿಸಿ ಮನೆಯಲ್ಲಿರುವ ಯುವಕರು: ಇವರಲ್ಲಿ ಒಬ್ಬೊಬ್ಬರೂ ಐದರಲ್ಲಿ ಒಂದೊಂದು ಸಂಗತಿಯನ್ನು ಪರೀಕ್ಷಿಸಲು ನೆರವಾಗುತ್ತಾರೆ. ಪದವೀಧರರಿಗೆ 3000, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ ಕೊಡುವ ಯುವನಿಧಿಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ಶಿವಮೊಗ್ಗದಲ್ಲೇ ಆದ್ದರಿಂದ ಆ ಚಿತ್ರಕ್ಕೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯಿಂದ ಮುಳುಗಡೆಯಾದ ಊರುಗಳ ಕುಟುಂಬಗಳ ವಿಷಯವೇ ಬೇರೆ. ನಾಡಿನ ಬೆಳಕಿಗಾಗಿ ನೆಲ ಬಿಟ್ಟುಕೊಟ್ಟವರಿಗೆ ಸಲ್ಲುವುದನ್ನು ನೆರವೆಂದು ಕರೆದು ಪ್ರಶ್ನೆ ಕೇಳುವುದು ನ್ಯಾಯವಲ್ಲ; ಅದನ್ನು ಬಾಕಿ ಎಂದೇ ಪ್ರತ್ಯೇಕವಾಗಿ ಕೇಳಿ.

ದುಡಿಮೆಯ ಬಗ್ಗೆ ನೀವು ಅತಿ ಹೆಚ್ಚು ಕೇಳುವ ಮಾತು ‘ಅಕ್ಕಿ ಕೊಟ್ಟ ಮೇಲೆ ಆಳು ಸಿಗ್ತಿಲ್ಲ’ ಎಂಬುದು. ಇದನ್ನು ಅಭಿಪ್ರಾಯವಾಗಿ ದಾಖಲಿಸಿ, ಆಳಿನ ಕೊರತೆಗೆ ಪುರಾವೆಯಾಗಿ ಬಳಸಬೇಡಿ. ಕೊರತೆ ನಿಜವೇ, ಅದಕ್ಕೆ ಅಕ್ಕಿಯೇ ಕಾರಣವೇ ಎಂದು ತಿಳಿಯಲು ಕೂಲಿ ದರ, ಕೆಲಸದ ದಿನಗಳು, ಊರು ಬಿಟ್ಟು ಬೆಂಗಳೂರಿಗೆ ಹೋದವರ ಲೆಕ್ಕ ಬೇಕು, ಮತ್ತು ಆ ಲೆಕ್ಕವನ್ನು ಕೂಲಿಯವರ ಬಾಯಿಂದಲೂ ಕೇಳಬೇಕು. ಋತುವೂ ಮುಖ್ಯ. ಅಡಿಕೆ ಕೊನೆ ಕೊಯ್ಲಿನ ಭರದಲ್ಲಿ ಕೇಳಿದ ಉತ್ತರಕ್ಕೂ ಆಷಾಢದ ಮಳೆಯಲ್ಲಿ ಕೆಲಸವಿಲ್ಲದೆ ಕುಳಿತಾಗ ಕೇಳಿದ ಉತ್ತರಕ್ಕೂ ಅಂತರವಿರುತ್ತದೆ. ಸಾಧ್ಯವಾದರೆ ಎರಡು ಸುತ್ತು ನಡೆಸಿ. ಕೆಲಸವೆಂದರೆ ಕೂಲಿಯಷ್ಟೇ ಎಂದು ಎಣಿಸಿ ಪ್ರಶ್ನೆ ಬರೆಯುವವರು ಆಸ್ಟ್ರಿಯಾದ ಮರೀಂಟಾಲ್ ಎಂಬ ಊರಿನ ಅಧ್ಯಯನವನ್ನು ನೆನೆಯಬೇಕು. ಅಲ್ಲಿ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಜನರಿಗೆ ಬಿಡುವು ಹೆಚ್ಚಾದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತೆಂದು ಮರೀ ಯಹೋಡಾ ಮತ್ತು ಸಂಗಡಿಗರು 1933ರಲ್ಲಿ ವರದಿ ಮಾಡಿದರು; ಕೆಲಸದೊಂದಿಗೆ ದಿನದ ಕ್ರಮವೂ ಉತ್ಸಾಹವೂ ಹೋಗಿತ್ತು.

ಮಾದರಿಯ ಆಯ್ಕೆಯಲ್ಲಿ ಮಲೆನಾಡಿನ ಒಂಟಿ ಮನೆಗಳು ಪರೀಕ್ಷೆಯೊಡ್ಡುತ್ತವೆ. ರಸ್ತೆ ಬದಿಯ ಮನೆಗಳನ್ನಷ್ಟೇ ಮುಟ್ಟಿದರೆ ಬಸ್ಸು ಕಾಣುವ ಜನರ ಅಭಿಪ್ರಾಯವಷ್ಟೇ ಸಿಗುತ್ತದೆ. ಮತದಾರರ ಪಟ್ಟಿಯಿಂದ ಯಾದೃಚ್ಛಿಕವಾಗಿ ಹೆಸರು ಆರಿಸಿ, ಆರಿಸಿದ ಮನೆ ಎಷ್ಟೇ ಒಳಗಿದ್ದರೂ ಅಲ್ಲಿಗೇ ಹೋಗಿ. ಹೀಗೆ ಆರಿಸಿದ 400 ಜನರಿಂದ ಬಂದ ಶೇಕಡಾವಾರಿನಲ್ಲಿ ಸುಮಾರು 5 ಅಂಶಗಳಷ್ಟು ಆಚೀಚೆ ಇರಬಹುದು. ಅದನ್ನೇ ಏಳು ತಾಲ್ಲೂಕುಗಳಿಗೆ ಹಂಚಿದರೆ ತಾಲ್ಲೂಕಿಗೆ 57 ಜನರಾಗಿ ಆಚೀಚೆ 13 ಅಂಶಗಳಾಗುತ್ತದೆ. ಹಾಗಿರುವಾಗ ಸಾಗರದವರು ಹೀಗೆ, ಸೊರಬದವರು ಹಾಗೆ ಎಂದು ಬರೆಯಬೇಡಿ. ಶಕ್ತಿ ಯೋಜನೆಯ ಉತ್ತರಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಈ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ‘ಅದರಿಂದ ಏನೂ ಉಪಯೋಗ ಇಲ್ಲ’ ಎಂಬ ಉತ್ತರ ಬಂದರೆ ‘ನಿಮ್ಮೂರಿಗೆ ಕೆಂಪು ಬಸ್ಸು ಬರುತ್ತಾ?’ ಎಂದು ಕೇಳದೆ ಅದನ್ನು ವಿರೋಧವೆಂದು ಗುರುತು ಹಾಕಬೇಡಿ.

ಮಾತಿಗೆ ಕೂರುವ ಜಾಗವೂ ಉತ್ತರವನ್ನು ಬದಲಿಸುತ್ತದೆ. ಕೂಲಿಯವರನ್ನು ತೋಟದವರ ಅಂಗಳದಲ್ಲಿ, ಸೊಸೆಯನ್ನು ಅತ್ತೆಯ ಎದುರಿಗೆ ಕೇಳಬಾರದು, ಅದರಲ್ಲೂ ಯಜಮಾನಿ ಯಾರೆಂಬುದರ ಮೇಲೆ ಹಣ ನಿಂತಿರುವಾಗ. ಪಂಚಾಯಿತಿ ಸದಸ್ಯರನ್ನು ಜೊತೆಗೆ ಕರೆದೊಯ್ದರೆ ರೇಷನ್ ಕಾರ್ಡ್ ರದ್ದಾಗುತ್ತದೆಂಬ ಭಯದಲ್ಲಿ ಜನ ಉತ್ತರಿಸುತ್ತಾರೆ. ಕಾಲೇಜಿನ ಗುರುತುಪತ್ರ ತೋರಿಸಿ, ಹೆಸರು ಎಲ್ಲೂ ಬರುವುದಿಲ್ಲವೆಂದು ಹೇಳಿ, ಒಪ್ಪಿದರಷ್ಟೇ ಮುಂದುವರಿಯಿರಿ. ಅಭಿಪ್ರಾಯವನ್ನು ಮೊದಲು ಕೇಳಿ. ಕಾರ್ಡ್, ಜಮೀನು, ಬರುವ ಹಣದ ವಿವರ ಕೊನೆಗಿರಲಿ.

ತುಂಬಿದ ಪ್ರಶ್ನಾವಳಿಗಳ ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರಿನ ಬಳಿಯ ಹಳ್ಳಿಯಲ್ಲಿ 1948ರಿಂದ ಸಂಗ್ರಹಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಬೆಂಕಿಗೆ ಸುಟ್ಟುಹೋದವು. ವರದಿ ಬರೆಯುವಾಗ ಪ್ರತಿ ಶೇಕಡಾವಾರಿನ ಪಕ್ಕದಲ್ಲಿ ಕೇಳಿದ ಪ್ರಶ್ನೆಯನ್ನು ಆಡುಮಾತಿನಲ್ಲಿ ಕೇಳಿದ ಹಾಗೆಯೇ ಅಚ್ಚುಮಾಡಿ, ‘ಗೊತ್ತಿಲ್ಲ’ ಎಂದವರ ಮತ್ತು ಉತ್ತರಿಸಲು ನಿರಾಕರಿಸಿದವರ ಸಂಖ್ಯೆಯನ್ನು ಕೊಡಿ, ಮತ್ತು ಉತ್ತರಗಳನ್ನು ಜಮೀನು ಇರುವವರು, ಇಲ್ಲದವರು, ಹೆಂಗಸರು, ಗಂಡಸರು ಎಂದು ಬಿಡಿಸಿ ತೋರಿಸಿ.