ಬೆಂಗಳೂರಿನ ಬಾಲ್ಕನಿಯಲ್ಲಿ ಬೆಟ್ಟದ ಹೂಜಿ ಗಿಡ

ಎಲೆಯ ತುದಿಯ ಹೂಜಿಯಲ್ಲಿ ಹುಳುಗಳನ್ನು ಬೀಳಿಸಿ ಅರಗಿಸಿಕೊಳ್ಳುವ ನೆಪೆಂಥಿಸ್ ವೆಂಟ್ರಿಕೋಸಾ ಫಿಲಿಪ್ಪೀನ್ಸ್ ದೇಶದ ಲುಜಾನ್, ಪನಾಯ್, ಸಿಬುಯಾನ್ ದ್ವೀಪಗಳ ಬೆಟ್ಟಗಾಡಿನ ಗಿಡ. ಸಾವಿರದಿಂದ ಎರಡು ಸಾವಿರ ಮೀಟರ್ ಎತ್ತರದ ತಂಪು ಅದಕ್ಕೆ ಒಗ್ಗಿದ ಹವೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಆದರೂ ಇದನ್ನು ಇಲ್ಲಿ ಧಾರಾಳವಾಗಿ ಬೆಳೆಸಬಹುದು, ಬೇಸಿಗೆಯ ರಾತ್ರಿಗಳನ್ನು ದಾಟಿಸಿದರೆ ಸಾಕು.

ಈ ಗಿಡ ತಂದವರೆಲ್ಲ ಮೊದಲು ತಲೆ ಕೆಡಿಸಿಕೊಳ್ಳುವುದು ಗಾಳಿಯ ತೇವಕ್ಕೆ. ನನಗೆ ಅದು ಎರಡನೆಯ ಮಾತು. ಮಳೆ ಹಿಡಿದ ಮೇಲೆ ಚಳಿಗಾಲ ಮುಗಿಯುವವರೆಗೆ ನನ್ನ ಗಿಡ ಪೂರ್ವದ ಬಾಲ್ಕನಿಯಲ್ಲಿ, ನೆರಳುಬಲೆಯಡಿ ತನ್ನ ಪಾಡಿಗೆ ಇರುತ್ತದೆ. ಮಾರ್ಚ್ ಕೊನೆಯಿಂದ ಶುರು ಫಜೀತಿ. ಹಗಲಿನ 34 ಡಿಗ್ರಿಯನ್ನು ಹೇಗೋ ತಾಳಿಕೊಳ್ಳುತ್ತದೆ. ರಾತ್ರಿ 22ಕ್ಕಿಂತ ಕೆಳಗಿಳಿಯದಿದ್ದರೆ ಎಲೆ ಬಿಡುತ್ತದೆಯೇ ಹೊರತು ಹೂಜಿ ಬಿಡುವುದಿಲ್ಲ. ಎಲೆಯ ತುದಿಯ ಕುಡಿಯಲ್ಲಿ ಮೂಡಿದ ಮೊಗ್ಗು ಹಾಗೆಯೇ ಕಂದಿ ಒಣಗುತ್ತದೆ.

ಅದಕ್ಕೆ ನಾನು ಮಾಡುವುದು ಇಷ್ಟೇ. ಸಂಜೆ ಕುಂಡವನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಳಿಸಿ, ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿದ ನೀರಿನ ಬಾಟಲಿಗಳನ್ನು ಎಲೆಗೆ ತಾಗದಂತೆ ಮೂಲೆಗಳಲ್ಲಿ ನಿಲ್ಲಿಸಿ, ಮುಚ್ಚಳವನ್ನು ತುಸು ಓರೆಯಾಗಿಡುತ್ತೇನೆ. ಒಳಗೆ 17–18 ಡಿಗ್ರಿ ಸಿಕ್ಕರೆ ತೃಪ್ತಿ. ಬೆಳಗಾಗುತ್ತಲೇ ಹೊರಗೆ. ಫ್ರೀಜರ್‌ನಲ್ಲಿ ಬಟಾಣಿಗೆ ಜಾಗವಿಲ್ಲ ಎಂಬ ಗೊಣಗಾಟ ಮೊದಲ ಮಳೆಯವರೆಗೆ ಇದ್ದದ್ದೇ.

ಬೋರ್‌ವೆಲ್ ನೀರು ಬೇಡವೇ ಬೇಡ; ಅದರ ಲವಣ ಬೇರನ್ನು ಸುಡುತ್ತದೆ. ಮಳೆನೀರು, ಇಲ್ಲವಾದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 50ಕ್ಕಿಂತ ಕಡಿಮೆ ಇರುವ ಆರ್‌ಒ ನೀರು. ಕೆಂಪು ಮಣ್ಣು, ಸಗಣಿ ಗೊಬ್ಬರಗಳನ್ನೂ ಕುಂಡದ ಹತ್ತಿರ ಸುಳಿಯಗೊಡಬೇಡಿ. ಸ್ಫಾಗ್ನಮ್ ಪಾಚಿಗೆ ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಹರಳು ಬೆರೆಸಿ, ಉಪ್ಪು ಹೋಗುವವರೆಗೆ ತೊಳೆದ ತೆಂಗಿನ ಸಿಪ್ಪೆಯ ಚೂರು ಸೇರಿಸುತ್ತೇನೆ. ಕುಂಡ ಬದಲಿಸುವಾಗ ಬೇರು ಕಪ್ಪಗೆ ಕಂಡರೆ ಕೊಳೆತಿದೆಯೆಂದು ಕತ್ತರಿಸಬೇಡಿ. ಅದರ ಬಣ್ಣವೇ ಕಪ್ಪು. ತಟ್ಟನೆ ಮುರಿಯುವ ಬೇರಾದ್ದರಿಂದ ಹಳೆಯ ಪಾಚಿಯ ಸಮೇತ ಎತ್ತಿಡುವುದು ಕ್ಷೇಮ.

ಹೂಜಿ ಬೆಳೆಯುವುದನ್ನು ನೋಡುವುದೇ ನನ್ನ ಕೂಲಿ. ಚಪ್ಪಟೆಯಾದ ಮೊಗ್ಗು ಮೆಲ್ಲಗೆ ಉಬ್ಬಿ, ನಡುವಿನಲ್ಲಿ ಸೊಂಟದಂತೆ ಸಣ್ಣಗಾಗುತ್ತದೆ. ಮುಚ್ಚಳ ಬಿಚ್ಚುವ ಮೊದಲೇ ಒಳಗೆ ರಸ ಸೇರಿರುತ್ತದೆ, ಬೆಳಕಿಗೆ ಹಿಡಿದರೆ ಅದರ ಮಟ್ಟ ಕಾಣುತ್ತದೆ. ತೆರೆದ ಮೇಲೆ ಬಾಯಿಯ ಅಂಚು ದಿನದಿನಕ್ಕೆ ಹೊರಕ್ಕೆ ಸುರುಳಿಕೊಂಡು, ಗೆರೆಗೆರೆಯಾಗಿ ಕೆಂಪೇರುತ್ತದೆ. ಜೇನಿನಾಸೆಗೆ ಬಂದ ಇರುವೆಗಳು ಒಣಗಿದ ಅಂಚಿನ ಮೇಲೆ ನಿರಾತಂಕವಾಗಿ ಓಡಾಡುತ್ತವೆ. ನೀರು ಚಿಮುಕಿಸಿದರೆ ಅದೇ ಅಂಚಿನಲ್ಲಿ ಕಾಲು ನಿಲ್ಲದೆ ಒಳಗೆ ಜಾರುತ್ತವೆ. ಬಾಲ್ಕನಿಯಲ್ಲಿ ಇರುವೆಗೇನು ಬರ, ನಾನಾಗಿ ಏನನ್ನೂ ಉಣಿಸುವುದಿಲ್ಲ.

ಕಾಂಡ ಉದ್ದವಾದಾಗ ಮಳೆಗಾಲದಲ್ಲಿ ಎರಡು ಗಿಣ್ಣಿನ ತುಂಡು ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕುಗೊಳಿಸಿ, ಒದ್ದೆ ಪಾಚಿಯಲ್ಲಿ ನೆಟ್ಟು ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚುತ್ತೇನೆ. ಬೇರೊಡೆಯಲು ಒಂದೆರಡು ತಿಂಗಳಾದರೂ ಬೇಕು. ಕೊಳ್ಳುವವರು ಇಂಥ ತುಂಡಿನಿಂದಲೋ ಅಂಗಾಂಶ ಕೃಷಿಯಿಂದಲೋ ಬಂದ ಸಸಿಯನ್ನೇ ಕೇಳಿ ಪಡೆಯಿರಿ. ಕಾಡಿನಿಂದ ಕಿತ್ತ ಗಿಡ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.