ಭಾನುವಾರಕ್ಕೊಂದು ಹೆಪ್ಪು

ಎಂಜಿನಿಯರಿಂಗ್ ಸ್ನಾತಕೋತ್ತರ ಓದಿಗೆಂದು ನಾನು ಜರ್ಮನಿಯ ಆಖೆನ್‌ಗೆ ಬಂದಿಳಿದದ್ದು ಒಂದು ಶನಿವಾರ ರಾತ್ರಿ. ಬೆಳಗಾದ ಮೇಲೆ ಅಕ್ಕಿ, ಹಾಲು ತಂದರಾಯಿತೆಂದು ಮಲಗಿದೆ. ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಒಂದು ಗಂಟೆ ಅಲೆದರೂ ಒಂದು ದಿನಸಿ ಅಂಗಡಿಯೂ ತೆರೆದಿರಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡು ಆ ದಿನ ಕಳೆದೆ.

ಇಲ್ಲಿ ಭಾನುವಾರದ ಬಿಡುವು ಬರೀ ರೂಢಿಯಲ್ಲ. ಭಾನುವಾರವನ್ನು ಬಿಡುವಿನ ದಿನವಾಗಿ ಕಾಯುವ ವಿಧಿ ಜರ್ಮನಿಯ 1919ರ ವೈಮಾರ್ ಸಂವಿಧಾನದಲ್ಲೇ ಇತ್ತು, 1949ರ ಸಂವಿಧಾನವೂ ಅದನ್ನು ಉಳಿಸಿಕೊಂಡಿದೆ. ಪೆಟ್ರೋಲ್ ಬಂಕ್, ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ತೆರೆದಿರುತ್ತವೆ. ಬೇಕರಿಗಳು ಕೆಲವು ಗಂಟೆ ಬಾಗಿಲು ತೆಗೆಯುತ್ತವೆ, ಅಷ್ಟೇ. ಸದ್ದು ಮಾಡುವುದಕ್ಕೂ ತಡೆಯಿದೆ. ಒಂದು ಭಾನುವಾರ ಖಾಲಿ ಜಾಡಿಗಳ ಚೀಲ ಹಿಡಿದು ಹಳೆ ಗಾಜು ಹಾಕುವ ತೊಟ್ಟಿಯತ್ತ ಹೊರಟಿದ್ದೆ. ಕೆಳಮನೆಯ ಅಜ್ಜಿ ಬಾಗಿಲಲ್ಲೇ ತಡೆದು, ‘ಇವತ್ತು ಭಾನುವಾರ’ ಎಂದಷ್ಟೇ ಹೇಳಿದರು. ಮೊದಲು ಸಿಟ್ಟು ಬಂತು. ಈಗ ಆ ಮೌನ ನನಗೆ ಬೇಕೇ ಬೇಕು. ವಾರವಿಡೀ ಓದಿ ದಣಿದ ತಲೆಗೆ ಅದರಷ್ಟು ಹಿತವಾದದ್ದು ಬೇರೊಂದಿಲ್ಲ.

ಹಾಗಾಗಿ ನನ್ನ ವಾರ ತಿರುಗುವುದು ಶನಿವಾರದ ಸುತ್ತ. ವಾರವಿಡೀ ಕೂಡಿಟ್ಟ ಪ್ಲಾಸ್ಟಿಕ್ ಬಾಟಲಿಗಳನ್ನು ಬೆಳಿಗ್ಗೆ ಅಂಗಡಿಯ ಯಂತ್ರಕ್ಕೆ ಹಾಕುತ್ತೇನೆ. ಒಮ್ಮೆ ಬಳಸುವ ಬಾಟಲಿಗೆ 25 ಸೆಂಟ್ ಠೇವಣಿ ಮರಳುತ್ತದೆ. ಹತ್ತು ಬಾಟಲಿಯಾದರೆ ಎರಡು ಲೀಟರ್ ಹಾಲಿನ ಕಾಸು ಗಿಟ್ಟಿದಂತೆಯೇ.

ಆ ಹಾಲು ಮೊಸರಿಗೆ. ಅಂಗಡಿಯ ಮೊಸರು ಚೆನ್ನಾಗಿಯೇ ಇದೆ, ಆದರೆ ಅನ್ನಕ್ಕೆ ಕಲಸಿದರೆ ನಮ್ಮ ಮೊಸರನ್ನದ ರುಚಿ ಬರುವುದಿಲ್ಲ. ಮನೆಯಲ್ಲೇ ಮಾಡಲು ಹೊರಟು ಮೂರು ವಾರ ಸೋತೆ. ಹಾಲು ಗಟ್ಟಿಯಾದ ದಿನವೂ ಹುಳಿ ಮಾತ್ರ ಹಿಡಿಯುತ್ತಿರಲಿಲ್ಲ. ಕೊನೆಗೆ ಹೆಪ್ಪಿಗೆ ತಂದಿದ್ದ ಡಬ್ಬಿಯನ್ನು ನಿಧಾನವಾಗಿ ಓದಿದೆ. ‘ಯೋಗುರ್ಟ್ ಮಿಲ್ಡ್’ ಎಂದಿತ್ತು. ಹುಳಿ ಕಡಿಮೆ ಇರಲೆಂದೇ ಬೇರೆ ಬ್ಯಾಕ್ಟೀರಿಯಾ ಹಾಕಿ ಮಾಡುವ ಬಗೆಯದು. ‘ಮಿಲ್ಡ್’ ಎಂಬ ಪದವಿಲ್ಲದ ಸಾದಾ ಮೊಸರು ತಂದ ದಿನ ಅರ್ಧ ಗೆದ್ದೆ.

ಇನ್ನರ್ಧ ಶಾಖದ್ದು. ನಮ್ಮ ಕಟ್ಟಡದಲ್ಲಿ ರಾತ್ರಿ ಹನ್ನೊಂದರ ನಂತರ ಹೀಟರ್ ತಣ್ಣಗಾಗುತ್ತದೆ. ಊರಿನಂತೆ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆಗೂ ಹಾಲು ಹಾಲಾಗಿಯೇ ಇರುತ್ತದೆ. ಅದಕ್ಕೆ ಶನಿವಾರ ಮಧ್ಯಾಹ್ನವೇ ಹಾಲು ಕಾಯಿಸಿ, ಕಿರುಬೆರಳು ಅದ್ದಿ ಹತ್ತು ಎಣಿಸುವಷ್ಟು ಬಿಸಿಗೆ ಇಳಿದ ಮೇಲೆ ಒಂದು ಚಮಚ ಹೆಪ್ಪು ಕದಡುತ್ತೇನೆ. ಊರಿನಿಂದ ತಂದ ಸ್ಟೀಲ್ ಡಬ್ಬಿಗೆ ಅಜ್ಜಿಯ ಉಣ್ಣೆ ಶಾಲು ಸುತ್ತಿ, ಹೀಟರ್ ಪಕ್ಕದ ಕುರ್ಚಿಯ ಮೇಲಿಟ್ಟು ಓದಲು ಕೂರುತ್ತೇನೆ. ಆರೇಳು ಗಂಟೆ ಕಳೆಯುವ ಹೊತ್ತಿಗೆ ಡಬ್ಬಿಯನ್ನು ಓರೆ ಮಾಡಿದರೂ ಮೊಸರು ಅಲುಗುವುದಿಲ್ಲ.

ಶನಿವಾರ ಪರೀಕ್ಷೆಯ ಓದಿನಲ್ಲಿ ಏನಾದರೂ ತರಲು ಮರೆತರೆ ಭಾನುವಾರ ನೆದರ್‌ಲ್ಯಾಂಡ್ಸ್‌ನ ವಾಲ್ಸ್‌ಗೆ ಹೋಗುತ್ತೇನೆ. ಗಡಿಯಾಚೆಗೇ ಇರುವ ಊರು, ಅಲ್ಲಿ ಅಂಗಡಿ ತೆರೆದಿರುತ್ತದೆ. ಬಿಸಿಲಿದ್ದರೆ ಮೂರು ದೇಶಗಳ ಗಡಿ ಕೂಡುವ ಗುಡ್ಡವನ್ನೂ ಹತ್ತಿ ಬರುತ್ತೇನೆ. 322 ಮೀಟರ್ ಎತ್ತರ, ಅಷ್ಟೇನೂ ಕಷ್ಟವಿಲ್ಲ.

ಚಳಿಗಾಲದಲ್ಲಿ ನಮ್ಮೂರು ಇಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ನಾನು ಎದ್ದು ಕಾಫಿ ಹಿಡಿದು ಕರೆ ಮಾಡುವ ಹೊತ್ತಿಗೆ ಹಾಸನದಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರೆ. ಅಮ್ಮ ಮೊದಲು ಕೇಳುವುದೇ, ‘ಮೊಸರು ತೋರಿಸು’ ಎಂದು. ಮೊಬೈಲ್ ಎದುರು ಡಬ್ಬಿಯನ್ನು ಓರೆ ಮಾಡಿ ಹಿಡಿಯುತ್ತೇನೆ.

ನಾಡಿದ್ದು ಊರಿಗೆ ಹೊರಟಿದ್ದೇನೆ, ಮೂರು ವಾರಕ್ಕೆ. ಐಸ್ ಟ್ರೇಯ ಎರಡು ಗುಳಿಗಳಿಗೆ ಹೆಪ್ಪು ತುಂಬಿ ಫ್ರೀಜರ್‌ನಲ್ಲಿ ಇಟ್ಟಾಗಿದೆ. ತೆಗೆದು ಚೆಲ್ಲಬೇಡಿ ಎಂದು ಜೊತೆಯಲ್ಲಿರುವವರಿಗೆ ಜರ್ಮನ್‌ನಲ್ಲಿ ಚೀಟಿ ಬರೆದು ಅಂಟಿಸಿದ್ದೇನೆ.